2 ಎಚ್‌ಪಿ ಮಡಚುವ ಟ್ರೆಡ್‌ಮಿಲ್: ವಾರಂಟಿ ಮುಗಿದ ಮೇಲಿನ ವಿಮರ್ಶೆ

ಮನೆಬಳಕೆಗೆಂದು ಮಾರುವ ಡಿಸಿ ಮೋಟಾರಿನ, ಮಡಚಿ ನಿಲ್ಲಿಸಬಹುದಾದ ಯಂತ್ರ ಇದು. ಬೆಲ್ಟ್ 42 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದ. ವೇಗ ಗಂಟೆಗೆ 14 ಕಿ.ಮೀ. ವರೆಗೆ, ಬೆಲ್ಟಿನ ಏರು (ಇನ್‌ಕ್ಲೈನ್) ಕೈಯಿಂದ ಬದಲಿಸುವ ಮೂರು ಹಂತ, ತೂಕದ ಮಿತಿ 110 ಕೆ.ಜಿ. ಈ ದರ್ಜೆಯಲ್ಲಿ ಸ್ಟಿಕ್ಕರ್ ಯಾವ ಕಂಪನಿಯದೇ ಇರಲಿ, ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ. ನಡಿಗೆಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಓಡುವವರು ಇದನ್ನು ಕೊಳ್ಳಬಾರದು: ಓಟದ ಹೆಜ್ಜೆಗೆ ಕನಿಷ್ಠ 130, ಎತ್ತರದವರಿಗೆ 140 ಸೆಂ.ಮೀ. ಉದ್ದದ ಬೆಲ್ಟ್ ಬೇಕು. ಇಲ್ಲದಿದ್ದರೆ ಹಿಂದಿನ ಕಾಲು ರೋಲರ್ ಮೇಲೆ ಬೀಳುತ್ತದೆ.

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ‘4 ಎಚ್‌ಪಿ’ ಪೀಕ್ ಲೆಕ್ಕ, ಅಂದರೆ ಕ್ಷಣಮಾತ್ರ ಮುಟ್ಟುವ ಗರಿಷ್ಠ, ಅದನ್ನು ಮರೆತುಬಿಡಿ. ಒಂದು ಎಚ್‌ಪಿ ಎಂದರೆ 746 ವ್ಯಾಟ್. ನಾಲ್ಕು ಎಚ್‌ಪಿ ಸದಾ ಎಳೆಯುವುದಾದರೆ ಸುಮಾರು 3 ಕಿಲೋವ್ಯಾಟ್, ಅಂದರೆ ದೊಡ್ಡ ಗೀಸರಿನಷ್ಟು ಕರೆಂಟು. ಇಷ್ಟು ಸಣ್ಣ ಮೋಟಾರು ಅದನ್ನು ತಡೆದುಕೊಳ್ಳುವುದಿಲ್ಲ. ನಿಜ ತಿಳಿಯಬೇಕಾದರೆ ಮುಂದಿನ ಮುಚ್ಚಳದ ನಾಲ್ಕಾರು ಸ್ಕ್ರೂ ಬಿಚ್ಚಿಸಿ ಮೋಟಾರಿನ ಮೈಮೇಲಿನ ಚೀಟಿ ಓದಿ. 180 ವೋಲ್ಟ್, 8 ಆಂಪಿಯರ್ ಎಂದಿದ್ದರೆ ಗುಣಿಸಿ: 1440 ವ್ಯಾಟ್, ಎರಡು ಎಚ್‌ಪಿಗೂ ಸ್ವಲ್ಪ ಕಮ್ಮಿ. ಅದೂ ಒಳಗೆ ಹೋಗುವ ಲೆಕ್ಕ, ಶಾಫ್ಟಿಗೆ ಬರುವುದು ಇನ್ನೂ ಕಮ್ಮಿ. ಮುಚ್ಚಳ ತೆಗೆಯಲು ಒಪ್ಪದ ಅಂಗಡಿಯಲ್ಲಿ ‘ಕಂಟಿನ್ಯುಯಸ್ (ಸದಾ ಕೊಡುವ ಎಚ್‌ಪಿ) ಎಷ್ಟು?’ ಎಂದಷ್ಟೇ ಕೇಳಿ. ಉತ್ತರ ತಡವರಿಸಿದರೆ ಪಕ್ಕದ ಅಂಗಡಿಗೆ ಹೋಗಿ.

ನಿಧಾನವಾಗಿ ನಡೆದರೆ ಮೋಟಾರಿಗೆ ಆರಾಮ ಎಂದು ಬಹಳ ಜನ ತಿಳಿದಿದ್ದಾರೆ. ಆಗುವುದು ಉಲ್ಟಾ. ತಂಪು ಮಾಡುವ ಫ್ಯಾನು ಮೋಟಾರಿನ ಶಾಫ್ಟಿಗೇ ಕೂತಿರುವುದರಿಂದ ವೇಗ ಕಮ್ಮಿಯಾದಂತೆ ಗಾಳಿಯೂ ಕಮ್ಮಿ. 100 ಕೆ.ಜಿ. ತೂಕದವರು 2–3 ಕಿ.ಮೀ. ವೇಗದಲ್ಲಿ ಮುಕ್ಕಾಲು ಗಂಟೆ ನಡೆದರೆ, 6 ಕಿ.ಮೀ. ವೇಗದಲ್ಲಿ ನಡೆದುದಕ್ಕಿಂತ ಮೋಟಾರು ಹೆಚ್ಚು ಬಿಸಿಯಾಗಬಹುದು. ಹಾಗಾಗಿ ಬಳಸುವವರ ಪೈಕಿ ಅತಿ ಭಾರದವರ ತೂಕಕ್ಕೆ 20 ಕೆ.ಜಿ. ಸೇರಿಸಿ ಮಿತಿ ನೋಡಿ. ಮನೆಯ ಹಿರಿಯರ ನಿಧಾನ ನಡಿಗೆಗೆಂದು ಕೊಳ್ಳುವಾಗ ಈ ಮಾತು ಇನ್ನೂ ಮುಖ್ಯ.

ಇಷ್ಟಾದರೂ ಈ ಯಂತ್ರಗಳು ಹೆಚ್ಚಾಗಿ ಸಾಯುವುದು ಮೋಟಾರಿನಿಂದಲ್ಲ, ಬೆಲ್ಟಿನ ಅಡಿ ಒಣಗಿದ್ದರಿಂದ. ಬೆಲ್ಟ್ ಜಾರುವುದು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯ ಡೆಕ್ ಮೇಲೆ. ನಡುವಿನ ಎಣ್ಣೆ ಆರಿದರೆ ಉಜ್ಜಾಟ ಹೆಚ್ಚುತ್ತದೆ, ಮೋಟಾರು ಹೆಚ್ಚು ಆಂಪಿಯರ್ ಎಳೆಯುತ್ತದೆ, ಅದನ್ನು ಕೊಡುವ ಕಂಟ್ರೋಲರ್ ಬೋರ್ಡ್ ಬಿಸಿಯಾಗುತ್ತದೆ, ಒಂದು ದಿನ ‘ಓವರ್‌ಲೋಡ್’ ಎರರ್ ತೋರಿಸಿ ಸುಟ್ಟುಹೋಗುತ್ತದೆ. ಮೆಕ್ಯಾನಿಕ್ ಬಂದು ಬೋರ್ಡ್ ಬದಲಿಸುತ್ತಾನೆ. ಬೆಲ್ಟ್ ಹಾಗೇ ಇದ್ದರೆ ಹೊಸ ಬೋರ್ಡಿಗೂ ಅದೇ ಗತಿ. ಹೊಸ ಬೋರ್ಡ್ ಹಾಕಿದ ಮೇಲೆ, ದುಡ್ಡು ಬಿಚ್ಚುವ ಮೊದಲು ಒಂದು ಪರೀಕ್ಷೆ ಕೇಳಿ: ತಂತಿಯನ್ನು ಸುತ್ತ ಹಿಡಿದು ಡಿಸಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರನ್ನು ಮೋಟಾರಿನ ಒಂದೇ ತಂತಿಗೆ ಹಾಕಿ, ಮನುಷ್ಯ ನಡೆಯುವಾಗಿನ ಆಂಪಿಯರ್ ನೋಡಬೇಕು. ಅದು ಚೀಟಿಯ ಆಂಪಿಯರನ್ನು ಮೀರಿಯೇ ನಿಂತರೆ ಮೊದಲು ಬೆಲ್ಟ್, ಡೆಕ್ ಸರಿಮಾಡಿಸಬೇಕು.

ಎಣ್ಣೆ ಹಾಕುವುದು ಹತ್ತು ನಿಮಿಷದ ಕೆಲಸ. ಪ್ಲಗ್ ಕಿತ್ತು, ಬೆಲ್ಟಿನ ಅಂಚೆತ್ತಿ ಒಳಗೆ ಕೈ ತೂರಿಸಿ ನಡುಭಾಗ ಮುಟ್ಟಿ. ಬೆರಳಿಗೆ ಜಿಡ್ಡು ಹತ್ತದಿದ್ದರೆ ಹಾಕುವ ಹೊತ್ತು ಬಂತು. ಶುದ್ಧ ಸಿಲಿಕೋನ್ ಆಯಿಲ್ 20–30 ಮಿ.ಲೀ. ಸಾಕು. ಎರಡೂ ಬದಿಯಿಂದ, ಕಾಲು ಬೀಳುವ ಜಾಗಕ್ಕೆ ಅಡ್ಡಡ್ಡ ಗೆರೆ ಎಳೆದಂತೆ ಬಿಡಿ. ಆಮೇಲೆ 4 ಕಿ.ಮೀ. ವೇಗದಲ್ಲಿ ಐದು ನಿಮಿಷ, ಬೆಲ್ಟಿನ ಎಲ್ಲ ಕಡೆ ಕಾಲಿಟ್ಟು ನಡೆಯಿರಿ. ದಿನವೂ ಇಬ್ಬರು ಬಳಸುವ ಮನೆಯಲ್ಲಿ ಎರಡು ತಿಂಗಳಿಗೊಮ್ಮೆ ಮುಟ್ಟಿ ನೋಡಬೇಕು. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇವು ಯಾವುವೂ ಬೇಡ. ಮೊದಲನೆಯದು ಧೂಳು ಹಿಡಿದು ಅಂಟಾಗುತ್ತದೆ, ಉಳಿದವು ಬೆಲ್ಟನ್ನೇ ಹಾಳುಮಾಡಬಹುದು. ಹೆಚ್ಚು ಸುರಿದರೂ ತೊಂದರೆ: ಎಣ್ಣೆ ರೋಲರಿಗೆ ಹತ್ತಿ ಬೆಲ್ಟ್ ಜಾರುತ್ತದೆ. ಮೇಣ ಹಚ್ಚಿದ ಡೆಕ್ ಆಗಿದ್ದರೆ ಕೈಪಿಡಿಯಲ್ಲಿ ಎಣ್ಣೆ ಬೇಡವೆಂದೇ ಇರುತ್ತದೆ, ಮೊದಲು ಅದನ್ನು ಓದಿ.

ಕಾಲಿಟ್ಟಾಗ ಬೆಲ್ಟ್ ತಡೆದು ನಿಂತಂತಾದರೆ ಮುಚ್ಚಳ ತೆಗೆಸಿ ನೋಡಿ. ಮುಂದಿನ ರೋಲರ್ ಸುತ್ತುತ್ತಿದ್ದು ನಡೆಯುವ ಬೆಲ್ಟ್ ನಿಂತರೆ ಬೆಲ್ಟ್ ಸಡಿಲ. ಮೋಟಾರು ಸುತ್ತುತ್ತಿದ್ದು ರೋಲರೇ ನಿಂತರೆ, ಮೋಟಾರಿನಿಂದ ರೋಲರಿಗೆ ಹೋಗುವ ಒಳಗಿನ ಗೆರೆ ಬೆಲ್ಟ್ ಸಡಿಲ. ನಡೆಯುವ ಬೆಲ್ಟನ್ನು ಬಿಗಿ ಮಾಡಲು ಹಿಂದಿನ ಎರಡೂ ಬೋಲ್ಟುಗಳನ್ನು ಅಲೆನ್ ಕೀಯಿಂದ ಕಾಲು ಕಾಲು ಸುತ್ತು ತಿರುಗಿಸಿ. ಒಂದೇ ಕಡೆಗೆ ಸರಿಯುತ್ತಿದ್ದರೆ, ಯಾವ ಕಡೆಗೆ ಸರಿದಿದೆಯೋ ಆ ಕಡೆಯ ಬೋಲ್ಟನ್ನು ಮಾತ್ರ ಕಾಲು ಸುತ್ತು ಬಿಗಿ ಮಾಡಿ, ಖಾಲಿ ಓಡಿಸಿ ಒಂದೆರಡು ನಿಮಿಷ ಕಾಯಿರಿ. ಆತುರಪಟ್ಟು ಪೂರ್ತಿ ಸುತ್ತು ತಿರುಗಿಸಿದರೆ ಬೆಲ್ಟಿನ ಅಂಚು ಹರಿಯುತ್ತದೆ. ನಡುವೆ ಹಿಡಿದೆತ್ತಿದಾಗ 5–7 ಸೆಂ.ಮೀ. ಮೇಲೇಳಬೇಕು. ವೀಣೆಯ ತಂತಿಯಂತೆ ಬಿಗಿದರೆ ರೋಲರಿನ ಬೇರಿಂಗ್ ಕಿರುಗುಟ್ಟಲು ಶುರುವಾಗುತ್ತದೆ.

16 ಆಂಪಿಯರ್ ಸಾಕೆಟ್ಟು, ಸರಿಯಾದ ಅರ್ತಿಂಗ್ ಇಲ್ಲದೆ ಯಂತ್ರ ತರಿಸಬೇಡಿ. ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಬೋರ್ಡಿಗೆ ಕನ್ವರ್ಟರ್ ಸಿಕ್ಕಿಸಿದರೆ ಬಿಸಿಯಾಗಿ ಪ್ಲಗ್ಗು ಕರಗಬಹುದು. ಇನ್ವರ್ಟರ್ ಲೈನಿಗೂ ಕೊಡಬೇಡಿ. ಮಲೆನಾಡಿನಲ್ಲಿ ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಕರಾವಳಿಯ ಮಳೆಗಾಲದಲ್ಲಿ ಬೋಲ್ಟುಗಳಿಗೆ ತುಕ್ಕು, ತೇವ ಕುಡಿದ ಡೆಕ್ಕಿಗೆ ಉಬ್ಬು. ಬಾಲ್ಕನಿಯಲ್ಲಿ ಇಡುವ ಯೋಚನೆ ಬಿಡಿ. ಇನ್ನು ಹಲ್ಲಿ! ಬೆಚ್ಚಗಿರುವ ಬೋರ್ಡಿನ ಮೇಲೆ ಕೂತು ಶಾರ್ಟ್ ಮಾಡುವುದು ನಮ್ಮ ಮನೆಗಳಲ್ಲಿ ಇದ್ದದ್ದೇ. ತಂತಿ ಹೋಗುವ ಸಂದಿಗೆ ಸಣ್ಣ ಕಣ್ಣಿನ ಜಾಲರಿ ಅಂಟಿಸಿ. ಮೂರು ತಿಂಗಳಿಗೊಮ್ಮೆ ಮುಚ್ಚಳದಡಿಯ ಕೂದಲು, ಧೂಳು ವ್ಯಾಕ್ಯೂಮ್ ಮಾಡಿ.

ಅಪಾರ್ಟ್‌ಮೆಂಟಿನವರಿಗೆ: ರಬ್ಬರ್ ಮ್ಯಾಟ್ ಹಾಸಿದರೆ ಮೋಟಾರಿನ ಗುಂಯ್ ಇಳಿಯುತ್ತದೆ, ಕಾಲಿನ ದಢದಢ ಕೆಳಮನೆಗೆ ಕೇಳುತ್ತಲೇ ಇರುತ್ತದೆ. ಹಿಂದೆ ಎರಡು ಮೀಟರ್ ಖಾಲಿ ಜಾಗ ಬಿಡಿ. ಗೋಡೆಗೆ ತಾಗಿಸಿಟ್ಟರೆ ಬಿದ್ದವರು ಗೋಡೆಗೂ ಓಡುವ ಬೆಲ್ಟಿಗೂ ನಡುವೆ ಸಿಕ್ಕಿಕೊಳ್ಳುತ್ತಾರೆ. ಮಕ್ಕಳಿರುವ ಮನೆಯಲ್ಲಿ ಸೇಫ್ಟಿ ಕೀ (ಇದಿಲ್ಲದೆ ಯಂತ್ರ ಓಡದು) ಕಿತ್ತು ಮೇಲಿಡಿ.

ಕೈಯಿಂದ ಬದಲಿಸುವ ಏರು ಹೆಸರಿಗಷ್ಟೇ, ದಿನಾ ಇಳಿದು ಯಂತ್ರದ ಹಿಂದಿನ ಕಾಲಿನ ಪಿನ್ ಬದಲಿಸುವವರು ಯಾರೂ ಇಲ್ಲ. ಹೊರಗಿನ ಗಾಳಿಯ ತಡೆಗೆ ಸಮನಾಗಲು 1% ಏರು ಬೇಕೆಂಬ ಮಾತು 1996ರಲ್ಲಿ ಜೋನ್ಸ್, ಡೌಸ್ಟ್ ಎಂಬ ಸಂಶೋಧಕರು ಮಾಡಿದ ಅಧ್ಯಯನದ್ದು. ಅದರಲ್ಲಿ ಪರೀಕ್ಷಿಸಿದ್ದು ಗಂಟೆಗೆ ಸುಮಾರು 10.5ರಿಂದ 18 ಕಿ.ಮೀ. ವೇಗದ ಓಟವನ್ನು. ನಡೆಯುವವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪರದೆಯ ಕ್ಯಾಲೊರಿ ಅಂಕಿ ಅಂದಾಜು ಮಾತ್ರ, ಬ್ಲೂಟೂತ್ ಸ್ಪೀಕರಿಗೆ ಹೆಚ್ಚು ದುಡ್ಡು ಕೊಡುವುದು ದಂಡ.

ವಾರಂಟಿ ಕಾರ್ಡಿನಲ್ಲಿ ಮೋಟಾರಿಗೆ ಮೂರು ವರ್ಷ ಎಂದಿದ್ದರೆ ಅದರಲ್ಲಿ ಬೋರ್ಡ್ ಸೇರಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ, ಸಾಮಾನ್ಯವಾಗಿ ಸೇರಿರುವುದಿಲ್ಲ. ಹಳೆಯದನ್ನು ಕೊಳ್ಳುವವರು ಬೆಲ್ಟೆತ್ತಿ ಡೆಕ್ಕಿನ ಮೇಲೆ ಕೈಯಾಡಿಸಿ. ಕಾಲು ಬೀಳುವ ಜಾಗ ತಗ್ಗಾಗಿದ್ದು ಎರಡೂ ಮುಖ ನಯವಾಗಿರುವ ಹಲಗೆಯಾಗಿದ್ದರೆ, ಅದನ್ನು ಒಮ್ಮೆ ತಿರುವಿ ಹಾಕಿಸಬಹುದು. ಆ ಖರ್ಚು, ಹೊಸ ಬೆಲ್ಟಿನ ಬೆಲೆ ಎರಡನ್ನೂ ಕಳೆದು ಚೌಕಾಸಿ ಮಾಡಿ.