ವೆನಿಸ್‌ನ ಅರಮನೆ ಹೋಟೆಲ್: ದುಡ್ಡು ಕಟ್ಟುವ ಮುನ್ನ ಕೇಳಬೇಕಾದ್ದು

ವೆನಿಸ್‌ನ ಹಳೆಯ ಅರಮನೆ ಹೋಟೆಲಿನಲ್ಲಿ ‘ಕೆನಾಲ್ ವ್ಯೂ’ ರೂಮು ಅಂತ ಬುಕ್ ಮಾಡಿ, ಪೂರ್ತಿ ದುಡ್ಡು ಮುಂಗಡ ಕಟ್ಟಿ ಹೋದವರಿಗೆ ಎಷ್ಟೋ ಸಲ ಸಿಗುವುದು ಇಷ್ಟು: ಕಿಟಕಿ ತೆಗೆದರೆ ಎರಡು ಮಾರು ದೂರದಲ್ಲಿ ಎದುರು ಮನೆಯ ಉಪ್ಪು ತಿಂದ ಇಟ್ಟಿಗೆ ಗೋಡೆ, ಬಗ್ಗಿ ನೋಡಿದರೆ ಕೆಳಗೆ ಹಸಿರು ನೀರು. ರಿಸೆಪ್ಷನ್‌ನಲ್ಲಿ ಜಗಳಕ್ಕೆ ನಿಂತು ಪ್ರಯೋಜನವಿಲ್ಲ. ಅವರು ಸುಳ್ಳು ಹೇಳಿಲ್ಲ, ಅದೂ ಕಾಲುವೆಯೇ.

ವೆನಿಸ್‌ನವರ ಬಾಯಲ್ಲಿ ಗ್ರ್ಯಾಂಡ್ ಕೆನಾಲ್, ಜುದೆಕ್ಕಾ, ಕನ್ನರೇಜೊ ಹೀಗೆ ಕೆಲವಕ್ಕೆ ಮಾತ್ರ ‘ಕನಾಲೆ’ ಎಂಬ ಹೆಸರು. ಉಳಿದ ನೀರಿನ ಗಲ್ಲಿಗಳೆಲ್ಲ ‘ರಿಯೊ’. ಬುಕಿಂಗ್ ಸೈಟಿಗೆ ಬರುವಷ್ಟರಲ್ಲಿ ಎರಡೂ ಕೆನಾಲ್ ಆಗಿಬಿಟ್ಟಿರುತ್ತವೆ. ನಿಮಗೆ ಬೇಕಾದ್ದು ದೊಡ್ಡ ನೀರಾದರೆ ಬುಕಿಂಗ್ ಚೀಟಿಯಲ್ಲಿ ‘ಗ್ರ್ಯಾಂಡ್ ಕೆನಾಲ್’ ಅಥವಾ ‘ಲಗೂನ್’ (ಊರನ್ನು ಸುತ್ತುವರಿದ ಹಿನ್ನೀರು) ಎಂಬ ಮಾತೇ ಇರಬೇಕು. ‘ಪಾರ್ಶಿಯಲ್’ ಎಂದಿದ್ದರೆ ಕತ್ತು ಹೊರಗೆ ಚಾಚಿದವರಿಗೆ ಮಾತ್ರ ನೋಟ ಎಂದು ತಿಳಿಯಿರಿ. ಅಂದಹಾಗೆ, ರಿಯೊ ಅಂದರೆ ನಿಶ್ಶಬ್ದ ಎಂದೂ ಅಲ್ಲ. ಲಾರಿಯೇ ಇಲ್ಲದ ಊರಲ್ಲಿ ಕಸ, ಸಿಮೆಂಟು, ಹೋಟೆಲ್ ಬಟ್ಟೆಗಂಟು ಎಲ್ಲ ಹೋಗುವುದು ಬೆಳಗಿನ ಹೊತ್ತು ಇದೇ ಗಲ್ಲಿಯ ಡೀಸೆಲ್ ದೋಣಿಯಲ್ಲಿ.

ಈ ಕಟ್ಟಡಗಳು ವ್ಯಾಪಾರಿ ಮನೆತನಗಳ ಮನೆಗಳಾಗಿದ್ದವು. ನೆಲಮಹಡಿ ಸರಕಿಗೆ, ನೀರಿನ ಕಡೆಗೊಂದು ದೊಡ್ಡ ಬಾಗಿಲು, ಅದರ ಮೇಲೆ ತಗ್ಗು ಸೂರಿನ ಅರೆಮಹಡಿ, ಅದಕ್ಕೂ ಮೇಲೆ ‘ಪಿಯಾನೊ ನೋಬಿಲೆ’, ಅಂದರೆ ಯಜಮಾನರ ಮಹಡಿ, ತುದಿಯಲ್ಲಿ ಅಟ್ಟ. ಜಾಹೀರಾತಿನ ಗಾಜಿನ ತೂಗುದೀಪ, ಚಿತ್ರದ ಸೂರು ಎಲ್ಲ ಯಜಮಾನರ ಮಹಡಿಯವು. ಅಲ್ಲಿ ರೂಮುಗಳು ಬೆರಳೆಣಿಕೆಯಷ್ಟು. ಉಳಿದವರಿಗೆ ಅರೆಮಹಡಿ, ಅಟ್ಟ, ಇಲ್ಲವೇ ಆಮೇಲೆ ಸೇರಿಸಿಕೊಂಡ ಪಕ್ಕದ ಮನೆ. ರಕ್ಷಿತ ಕಟ್ಟಡವಾದ್ದರಿಂದ ಗೋಡೆ ಒಡೆಯುವಂತಿಲ್ಲ. ಲಿಫ್ಟ್ ಜಾಗ ಸಿಕ್ಕ ಮೂಲೆಯಲ್ಲಿರುತ್ತದೆ, ಅದರಿಂದ ಇಳಿದ ಮೇಲೂ ಮೆಟ್ಟಿಲು ಕಾದಿರಬಹುದು. ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಇಮೇಲ್‌ನಲ್ಲೇ ಕೇಳಿ: ಯಾವ ಕಟ್ಟಡ, ಎಷ್ಟನೇ ಮಹಡಿ, ಎಷ್ಟು ಚದರ ಮೀಟರ್, ಬೀದಿ ಬಾಗಿಲಿಂದ ಮಂಚದವರೆಗೆ ಒಟ್ಟು ಎಷ್ಟು ಮೆಟ್ಟಿಲು. ಉತ್ತರ ಬರಹದಲ್ಲಿರಲಿ. ಫೋನಿನಲ್ಲಿ ಹೇಳಿದ್ದು ಅಲ್ಲಿ ನಡೆಯುವುದಿಲ್ಲ.

ಏಪ್ರಿಲ್, ಅಕ್ಟೋಬರ್‌ನಲ್ಲಿ ಹೋಗುವವರು ಎಸಿ ಬಗ್ಗೆಯೂ ಕೇಳಿ. ಹಳೆಯ ಕಟ್ಟಡಗಳಲ್ಲಿ ಒಂದೇ ಜೋಡಿ ಕೊಳವೆ ಚಳಿಗಾಲದಲ್ಲಿ ಬಿಸಿನೀರನ್ನೂ ಬೇಸಿಗೆಯಲ್ಲಿ ತಣ್ಣೀರನ್ನೂ ಹೊರುವುದುಂಟು. ಬದಲಾಯಿಸುವುದು ಇಡೀ ಕಟ್ಟಡಕ್ಕೆ ಒಂದೇ ಸಲ. ಇಟಲಿಯ ಕಾನೂನಿನಂತೆ ವೆನಿಸ್ ಇರುವ ಹವಾಮಾನ ವಲಯದಲ್ಲಿ ಹೀಟಿಂಗ್ ಅವಧಿ ಅಕ್ಟೋಬರ್ 15ರಿಂದ ಏಪ್ರಿಲ್ 15. ಕೊಳವೆಯಲ್ಲಿ ಬಿಸಿನೀರಿರುವ ದಿನಗಳಲ್ಲಿ ಸೆಕೆಯಾದರೆ ಗೋಡೆಯ ರಿಮೋಟನ್ನು 18ಕ್ಕೆ ಇಳಿಸಿದರೂ ಬರುವುದು ಬರೀ ಫ್ಯಾನ್ ಗಾಳಿ.

ಮಾರ್ಕೊ ಪೋಲೊ ವಿಮಾನ ನಿಲ್ದಾಣದಿಂದ ಖಾಸಗಿ ವಾಟರ್ ಟ್ಯಾಕ್ಸಿಗೆ ನೂರು ಯೂರೊ ದಾಟುತ್ತದೆ, ಹೋಟೆಲ್ ಮೂಲಕ ಹೇಳಿಸಿದರೆ ಇನ್ನೂ ಹೆಚ್ಚಾಗಬಹುದು. ‘ನೇರ ನಮ್ಮ ಜೆಟ್ಟಿಗೆ’ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಜೆಟ್ಟಿ ರಿಯೊ ಒಳಗಿದ್ದರೆ ಜೋರು ಉಬ್ಬರದಲ್ಲಿ ದೋಣಿ ಸೇತುವೆಯಡಿ ತೂರದಿರಬಹುದು, ತೀರಾ ಇಳಿತದಲ್ಲಿ ತಳ ಕಚ್ಚಬಹುದು. ಆಗ ಬೇರೆಲ್ಲೋ ಇಳಿದು ನಡೆಯಬೇಕು. ಸೇತುವೆಯೆಂದರೆ ಮೆಟ್ಟಿಲು, 23 ಕಿಲೊ ಸೂಟ್‌ಕೇಸಿನ ಚಕ್ರ ಅಲ್ಲಿ ಕೆಲಸಕ್ಕೆ ಬಾರದು. ವಿಳಾಸ ನೋಡಿ ಹುಡುಕುತ್ತೇವೆ ಎಂದರೆ ಅದೂ ಕಷ್ಟ. ಊರು ಆರು ‘ಸೆಸ್ತಿಯೇರೆ’ಗಳಾಗಿ ಹಂಚಿಹೋಗಿದೆ, ಮನೆ ಸಂಖ್ಯೆ ಬೀದಿಗಲ್ಲ, ಇಡೀ ಸೆಸ್ತಿಯೇರೆಗೆ ಸಾಲಾಗಿ ಸಾವಿರಗಟ್ಟಲೆ ಹೋಗುತ್ತದೆ. ಹತ್ತಿರದ ವಪೊರೆತ್ತೊ (ನೀರಿನ ಬಸ್ಸು) ನಿಲ್ದಾಣ ಯಾವುದು, ನಡುವೆ ಎಷ್ಟು ಸೇತುವೆ ಎಂದು ಕೇಳಿಟ್ಟುಕೊಳ್ಳಿ.

ಶರತ್ಕಾಲ, ಚಳಿಗಾಲದಲ್ಲಿ ‘ಆಕ್ವಾ ಆಲ್ತಾ’, ಅಂದರೆ ಕಡಲುಬ್ಬರದ ನೆರೆಯ ಕಾಟ. 2020ರ ಅಕ್ಟೋಬರ್‌ನಿಂದ ಮೊಸೆ ತಡೆಗೋಡೆ ಕೆಲಸ ಮಾಡುತ್ತಿದೆ ನಿಜ. ಮೂರು ಕಡಲಬಾಯಿಗಳಲ್ಲಿ 78 ಗೇಟುಗಳು. ಆದರೆ ಅವನ್ನು ಎತ್ತುವುದು ಸಾಮಾನ್ಯವಾಗಿ ಉಬ್ಬರ 110 ಸೆಂಟಿಮೀಟರ್ ಮುಟ್ಟುವ ಸೂಚನೆ ಇದ್ದರೆ. ಸ್ಯಾನ್ ಮಾರ್ಕೊ ಚೌಕ ಒದ್ದೆಯಾಗುವುದು 80ರ ಆಸುಪಾಸಿನಲ್ಲೇ. ಅಳತೆ 1897ರ ಸಮುದ್ರಮಟ್ಟದಿಂದ, ಹಾಗಾಗಿ 100 ಎಂದರೆ ಎದೆಮಟ್ಟ ಅಲ್ಲ, ಚೌಕದಲ್ಲಿ ಮೊಣಕಾಲಿಗಿಂತ ಕೆಳಗೆ. ಚೌಕದ ಹತ್ತಿರ ನೆಲಮಹಡಿ ರೂಮು ಮಾತ್ರ ಬೇಡ. ನೀರು ಇಳಿದರೂ ಗೋಡೆಯ ಉಪ್ಪು, ಮುಗ್ಗಲು ವಾಸನೆ ಇಳಿಯುವುದಿಲ್ಲ.

ದುಡ್ಡಿನ ವಿಷಯದಲ್ಲಿ ನಮ್ಮವರು ಹೆಚ್ಚು ಕಳೆದುಕೊಳ್ಳುವುದು ‘ನಾನ್ ರಿಫಂಡಬಲ್’ ದರದಲ್ಲಿ. ಷೆಂಗೆನ್ ವೀಸಾ ಅರ್ಜಿಗೆ ತಂಗುವ ಜಾಗದ ದಾಖಲೆ ಬೇಕು ಅಂತ ಅಗ್ಗದ ದರ ಹಿಡಿಯುತ್ತಾರೆ. ವೀಸಾ ಬರದಿದ್ದರೆ ಆ ದುಡ್ಡು ಹೋದಂತೆಯೇ. ರದ್ದು ಮಾಡುವ ಕೊನೆಯ ದಿನ ವೀಸಾ ಫಲಿತಾಂಶದ ನಂತರವೇ ಬೀಳುವಂಥ ದರ ಆರಿಸಿ. ವಾಸ್ತವ್ಯ ತೆರಿಗೆ ಬೇರೆ: ತಲೆಗಿಷ್ಟು, ರಾತ್ರಿಗಿಷ್ಟು, ಮೊದಲ ಐದು ರಾತ್ರಿಗೆ ಮಾತ್ರ, ಹತ್ತರೊಳಗಿನ ಮಕ್ಕಳಿಗಿಲ್ಲ. 2024ರಲ್ಲಿ ಶುರುವಾದ ಪ್ರವೇಶ ಶುಲ್ಕ ರಾತ್ರಿ ತಂಗುವವರಿಗೆ ಅನ್ವಯಿಸದು, ಆದರೆ ಶುಲ್ಕದ ದಿನಗಳಲ್ಲಿ ವಿನಾಯಿತಿ ಕೋಡ್ ಆನ್‌ಲೈನ್‌ನಲ್ಲಿ ಪಡೆದು ಮೊಬೈಲಿನಲ್ಲಿ ಇಟ್ಟಿರಬೇಕು. ಠೇವಣಿಗೆ ಫಾರೆಕ್ಸ್ ಕಾರ್ಡ್ ಕೊಡಬೇಡಿ, ಹಿಡಿದಿಟ್ಟ ದುಡ್ಡು ಬಿಡುಗಡೆಯಾಗುವ ಹೊತ್ತಿಗೆ ಪ್ರವಾಸ ಮುಗಿದಿರುತ್ತದೆ. ಕ್ರೆಡಿಟ್ ಕಾರ್ಡ್ ಕೊಡಿ. ಬಿಲ್ ಕಟ್ಟುವಾಗ ಯಂತ್ರ ರೂಪಾಯಿಯೋ ಯೂರೊವೋ ಎಂದು ಕೇಳಿದರೆ ಯೂರೊ ಒತ್ತಿ.