24 ವೋಲ್ಟ್ ಸೋಲಾರ್ ಕಿಟ್, ಮೂರು ಮಳೆಗಾಲದ ನಂತರ: ಪ್ಯಾನಲ್ ಗಟ್ಟಿ, ಜೋಡಿಸುವ ಸಾಮಾನು ಕಳಪೆ

540 ವ್ಯಾಟ್‌ನ ಎರಡು ಮೋನೊ ಪ್ಯಾನಲ್, ಪ್ಯಾನಲ್‌ನ ಕರೆಂಟನ್ನು ಬ್ಯಾಟರಿಗೆ ಹದ ಮಾಡಿ ಕೊಡುವ 40 ಆಂಪ್‌ನ ಎಂಪಿಪಿಟಿ ಕಂಟ್ರೋಲರ್, 200 ಎಎಚ್ (ಆಂಪ್-ಗಂಟೆ) ಸಾಮರ್ಥ್ಯದ ಎರಡು ಟ್ಯೂಬುಲರ್ ಬ್ಯಾಟರಿ, 24 ವೋಲ್ಟ್ ಇನ್ವರ್ಟರ್. ಇವುಗಳ ಜೊತೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕೇಬಲ್, ಕನೆಕ್ಟರ್, ಎಂಸಿಬಿ (ಕರೆಂಟು ಹೆಚ್ಚಾದರೆ ತಾನೇ ಬೀಳುವ ಸ್ವಿಚ್). ನೀವೇ ಜೋಡಿಸಿಕೊಳ್ಳಿ ಎಂದು ಮಾರುವ ಇಂಥ ಕಿಟ್‌ನಲ್ಲಿ ಪ್ಯಾನಲ್‌ಗೆ ಐದಕ್ಕೆ ಐದು ಕೊಡಬಹುದು. ಬ್ಯಾಟರಿಗೆ ನಾಲ್ಕು. ಆ ಕವರಿನೊಳಗಿನ ಸಾಮಾನಿಗೆ ಒಂದು ಕೊಟ್ಟರೂ ಹೆಚ್ಚೇ. ಅಪಾಯವೆಲ್ಲ ಇರುವುದು ಆ ಕವರಿನಲ್ಲಿ.

ಮೊದಲು ಲೆಕ್ಕ. ಎರಡು ಪ್ಯಾನಲ್‌ಗಳನ್ನು ಸೀರೀಸ್‌ನಲ್ಲೇ (ಒಂದರ ಪ್ಲಸ್‌ಗೆ ಇನ್ನೊಂದರ ಮೈನಸ್) ಹಾಕಿ; ಆಗ ವೋಲ್ಟೇಜ್ ಕೂಡುತ್ತದೆ, ಕರೆಂಟು ಅಷ್ಟೇ ಇರುತ್ತದೆ. ತಾರಸಿಯಿಂದ ಕಂಟ್ರೋಲರ್‌ಗೆ 15 ಮೀಟರ್ ಎಂದರೆ ಹೋಗಿ ಬರುವ ತಂತಿ 30 ಮೀಟರ್. 4 ಸ್ಕ್ವೇರ್ ಎಂಎಂ ತಂತಿಯಲ್ಲಿ 13 ಆಂಪ್ ಹರಿದರೆ ಸುಮಾರು 2 ವೋಲ್ಟ್ ಕಳೆದುಹೋಗುತ್ತದೆ. ಎರಡು ಪ್ಯಾನಲ್ ಸೇರಿದ 83 ವೋಲ್ಟ್‌ನಲ್ಲಿ ಇದು ಎರಡೂವರೆ ಶೇಕಡಾಕ್ಕಿಂತ ಕಡಿಮೆ. ಅದೇ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಮಾಡಿದರೆ 26 ಆಂಪ್, 4 ವೋಲ್ಟ್ ನಷ್ಟ, ಅದೂ ಬರೀ 41 ವೋಲ್ಟ್‌ನಲ್ಲಿ. ಹತ್ತರಲ್ಲೊಂದು ಪಾಲು ತಂತಿ ಬಿಸಿ ಮಾಡುವುದಕ್ಕೇ ಹೋಯಿತು.

ಸೀರೀಸ್‌ನಲ್ಲಿ ಹಾಕುವವರು ಕಂಟ್ರೋಲರ್‌ನ ಗರಿಷ್ಠ ವೋಲ್ಟೇಜನ್ನು ನೋಡಲೇಬೇಕು. ಪ್ಯಾನಲ್ ಹಿಂದಿನ ಚೀಟಿಯಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಕರೆಂಟು ಹರಿಯದಿದ್ದಾಗಿನ ವೋಲ್ಟೇಜ್) 49.5 ಎಂದಿದ್ದರೆ ಎರಡಕ್ಕೆ 99. ಅದು 25 ಡಿಗ್ರಿಯ ಲೆಕ್ಕ. ಚಳಿ ಹೆಚ್ಚಿದಷ್ಟೂ ವೋಲ್ಟೇಜ್ ಏರುತ್ತದೆ, ಡಿಗ್ರಿಗೆ ಸುಮಾರು 0.27 ಶೇಕಡಾ. ಬೀದರ್, ವಿಜಯಪುರದ ಕಡೆ ಡಿಸೆಂಬರ್ ಬೆಳಿಗ್ಗೆ 10 ಡಿಗ್ರಿ ಇದ್ದಾಗ ಅದೇ ಜೋಡಿ 103 ವೋಲ್ಟ್ ದಾಟುತ್ತದೆ. 100 ವೋಲ್ಟ್ ಮಿತಿಯ ಕಂಟ್ರೋಲರ್ ಬೇಸಿಗೆಯಿಡೀ ಚೆನ್ನಾಗಿ ನಡೆದು ಚಳಿಗಾಲದ ಬೆಳಿಗ್ಗೆ ಸುಡುವುದು ಇದಕ್ಕೇ. 150 ವೋಲ್ಟ್‌ನದನ್ನೇ ಕೇಳಿ ತೆಗೆದುಕೊಳ್ಳಿ.

ಈಗ ಆ ಕವರು. ಅದರಲ್ಲಿದ್ದ ಎಂಸಿಬಿ ಮನೆಯ ಬೋರ್ಡಿಗೆ ಹಾಕುವ ಎಸಿ ಎಂಸಿಬಿ. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುತ್ತದೆ, ಹಾಗಾಗಿ ಸ್ವಿಚ್ ತೆರೆದಾಗ ಹುಟ್ಟಿದ ಕಿಡಿ ತಾನೇ ಆರುತ್ತದೆ. ಪ್ಯಾನಲ್, ಬ್ಯಾಟರಿಯಿಂದ ಬರುವ ಡಿಸಿಗೆ ಆ ಸೊನ್ನೆಯೇ ಇಲ್ಲ. ಕಿಡಿ ಒಳಗೇ ಉರಿಯುತ್ತಾ ಪ್ಲಾಸ್ಟಿಕ್ ಕರಗಿಸುತ್ತದೆ. ಡಿಸಿ ಎಂಸಿಬಿ ಕೊಂಡರೂ ಮೇಲೆ ಪ್ಲಸ್ ಮೈನಸ್ ಗುರುತು ಇದೆಯೇ ನೋಡಿ. ಗುರುತಿದ್ದದ್ದನ್ನು ತಿರುಗಾಮುರುಗಾ ಕೂರಿಸಿದರೆ ಅದೂ ಕಿಡಿ ಆರಿಸುವುದಿಲ್ಲ. ಗುರುತಿಲ್ಲದ, ಎರಡೂ ದಿಕ್ಕಿಗೆ ಕೆಲಸ ಮಾಡುವ ಬಗೆಯೇ ಒಳ್ಳೆಯದು.

ಪ್ಯಾನಲ್ ತಂತಿಗಳನ್ನು ಸೇರಿಸುವ ಎಂಸಿ4 ಕನೆಕ್ಟರ್ ಇನ್ನೊಂದು ಕಷ್ಟ. ಪ್ಯಾನಲ್‌ಗೆ ಬಂದದ್ದು ಒಂದು ಕಂಪನಿಯದು, ಕವರಿನಲ್ಲಿದ್ದದ್ದು ಇನ್ನೊಂದರದು. ಸೇರಿಸಿದರೆ ಕ್ಲಿಕ್ ಎನ್ನುತ್ತದೆ, ಆದರೆ ಒಳಗಿನ ಪಿನ್ ಸರಿಯಾಗಿ ಕೂರುವ ಖಾತ್ರಿಯಿಲ್ಲ. ಸಂಪರ್ಕದಲ್ಲಿ 0.1 ಓಮ್ ತಡೆ ಬಂದರೂ 13 ಆಂಪ್‌ನಲ್ಲಿ 17 ವ್ಯಾಟ್ ಬಿಸಿ, ಅದೂ ಹೆಬ್ಬೆರಳಷ್ಟು ಪ್ಲಾಸ್ಟಿಕ್‌ನೊಳಗೆ. ಪ್ಯಾನಲ್‌ಗೆ ಇರುವ ಕಂಪನಿಯದ್ದನ್ನೇ ತಂದು, ಕ್ರಿಂಪಿಂಗ್ ಟೂಲ್‌ನಿಂದಲೇ ಒತ್ತಿಸಿ. ಕಟ್ಟಿಂಗ್ ಪ್ಲೇಯರ್‌ನಲ್ಲಿ ಒತ್ತಿದ್ದು ಎರಡನೇ ಬೇಸಿಗೆಗೆ ಕಪ್ಪಾಗುತ್ತದೆ. ಕರೆಂಟು ಹರಿಯುವಾಗ ಯಾವ ಕಾರಣಕ್ಕೂ ಕನೆಕ್ಟರನ್ನು ಕೀಳಬಾರದು. ಮೊದಲು ಐಸೊಲೇಟರ್ (ಪ್ಯಾನಲ್ ಕಡೆಯ ಡಿಸಿ ಸ್ವಿಚ್) ಆಫ್.

ಬ್ಯಾಟರಿ ತಂತಿ 10 ಸ್ಕ್ವೇರ್ ಎಂಎಂ ಕೊಟ್ಟಿದ್ದರು. 1200 ವ್ಯಾಟ್ ಲೋಡ್ ಬಿದ್ದರೆ ಬ್ಯಾಟರಿಯಿಂದ ಸುಮಾರು 60 ಆಂಪ್ ಎಳೆಯುತ್ತದೆ. ಅದಕ್ಕೆ ಬೇಕಾದದ್ದು 25 ಸ್ಕ್ವೇರ್ ಎಂಎಂ ತಾಮ್ರ, ಒತ್ತಿದ ಲಗ್ (ತಂತಿಯ ತುದಿಗೆ ಹಾಕುವ ಲೋಹದ ಕಣ್ಣು), ಆದಷ್ಟು ಗಿಡ್ಡ. ಪ್ಲಸ್ ಟರ್ಮಿನಲ್‌ನಿಂದ ಒಂದು ಅಡಿಯೊಳಗೆ 100 ಆಂಪ್‌ನ ಡಿಸಿ ಫ್ಯೂಸ್ ಇರಲೇಬೇಕು. ಕಿಟ್‌ನಲ್ಲಿ ಅದಿರಲಿಲ್ಲ, ಮತ್ತು ಇದು ಕ್ಷಮಿಸಲಾಗದ ತಪ್ಪು: ಈ ಬ್ಯಾಟರಿ ಶಾರ್ಟ್ ಆದರೆ ಸಾವಿರ ಆಂಪ್ ದಾಟುತ್ತದೆ, ಬಿದ್ದ ಸ್ಪ್ಯಾನರ್ ಕೆಂಪಗಾಗುವಷ್ಟು. ಚಾರ್ಜಿಂಗ್ ಮಿತಿ 30 ಆಂಪ್‌ಗೆ ಇಟ್ಟರೆ 200 ಎಎಚ್‌ಗೆ ಹದವಾಗಿರುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುವುದರಿಂದ ಮುಚ್ಚಿದ ಕಪಾಟಿನೊಳಗೆ ಬೇಡ.

ಜೋಡಿಸುವ ಕ್ರಮ: ಮೊದಲು ಬ್ಯಾಟರಿಯನ್ನು ಕಂಟ್ರೋಲರ್‌ಗೆ, ಆಮೇಲೆ ಪ್ಯಾನಲ್. ಬಿಚ್ಚುವಾಗ ಮೊದಲು ಪ್ಯಾನಲ್. ಬ್ಯಾಟರಿ ಇಲ್ಲದೆ ಪ್ಯಾನಲ್ ಸೇರಿದರೆ ಕಂಟ್ರೋಲರ್ ಹಾಳಾಗಬಹುದು. ಬಿಸಿಲಿದ್ದಷ್ಟು ಹೊತ್ತು ಪ್ಯಾನಲ್ ಆಫ್ ಆಗುವುದಿಲ್ಲ ಎಂಬುದು ನೆನಪಿರಲಿ. ಕೆಲಸ ಮಾಡುವಾಗ ದಪ್ಪ ಕಂಬಳಿ ಹೊದಿಸಿ.

ಎಸಿ ಕಡೆಯ ಒಂದು ವಿಷಯ ಕಿಟ್‌ನ ಪುಸ್ತಕದಲ್ಲಿ ಎಲ್ಲೂ ಇಲ್ಲ. ಇನ್ವರ್ಟರ್‌ನ ನ್ಯೂಟ್ರಲ್ ಅರ್ತ್‌ಗೆ ಸೇರದೆ ತೇಲುತ್ತಿದ್ದರೆ ಸೋರಿದ ಕರೆಂಟಿಗೆ ಹಿಂದಿರುಗುವ ದಾರಿ ಇರುವುದಿಲ್ಲ, ಸೋರಿಕೆ ಕಂಡರೆ ಕರೆಂಟು ಕಡಿಯುವ ಆರ್‌ಸಿಸಿಬಿ ಬೀಳುವುದಿಲ್ಲ. ಟೆಸ್ಟ್ ಬಟನ್ ಒತ್ತಿದರೆ ಮಾತ್ರ ಬೀಳುತ್ತದೆ, ಏಕೆಂದರೆ ಆ ಬಟನ್‌ಗೆ ಅರ್ತ್ ಬೇಕಿಲ್ಲ. ಅದನ್ನು ನಂಬಿ ಕೂರಬೇಡಿ. ಮೇನ್ಸ್ ಆಫ್ ಮಾಡಿ, ಇನ್ವರ್ಟರ್ ಮೇಲೆ ಮನೆ ನಡೆಯುವಾಗ ಮಲ್ಟಿಮೀಟರ್ ಹಿಡಿಯಿರಿ. ನ್ಯೂಟ್ರಲ್‌ನಿಂದ ಅರ್ತ್‌ಗೆ ಸೊನ್ನೆಯ ಹತ್ತಿರ ಇದ್ದರೆ ಸರಿ. ಅರ್ತ್‌ನಿಂದ ಫೇಸ್‌ಗೂ ನ್ಯೂಟ್ರಲ್‌ಗೂ ತಲಾ 115 ವೋಲ್ಟ್‌ನ ಆಸುಪಾಸು ತೋರಿಸಿದರೆ ತೇಲುತ್ತಿದೆ. ನ್ಯೂಟ್ರಲ್‌ ಅನ್ನು ಅರ್ತ್‌ಗೆ ಕಟ್ಟಬಹುದೇ ಎಂಬುದು ಇನ್ವರ್ಟರ್‌ನ ಬಗೆಯ ಮೇಲಿದೆ, ಕೆಲವು ಸುಟ್ಟುಹೋಗುತ್ತವೆ. ಈ ಒಂದು ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ.

ಮೇನ್ಸ್‌ಗೂ ಇನ್ವರ್ಟರ್‌ಗೂ ನಡುವೆ ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವ ಚೇಂಜ್‌ಓವರ್ ಸ್ವಿಚ್ ಬೇಕು. ಎರಡೂ ತುದಿಗೆ ಪ್ಲಗ್ ಇರುವ ತಂತಿಯಿಂದ ಸಾಕೆಟ್‌ಗೆ ಕರೆಂಟು ಕೊಡುವವರಿದ್ದಾರೆ. ಅದು ಟ್ರಾನ್ಸ್‌ಫಾರ್ಮರ್ ದಾಟಿ ಹಿಂದೆ ಹೋದರೆ ಕಂಬದ ಮೇಲಿರುವ ಲೈನ್‌ಮನ್ ಸಾಯುತ್ತಾನೆ.

ಮಳೆ, ಬಿಸಿಲಿನ ಬಗ್ಗೆ ಚುಟುಕಾಗಿ: ಮನೆಯೊಳಗಿನ ಪಿವಿಸಿ ವೈರು ತಾರಸಿಯಲ್ಲಿ ಬಿರುಕು ಬಿಡುತ್ತದೆ, ಸೋಲಾರ್ ಡಿಸಿ ಕೇಬಲ್ ಬಿಡಲಿಲ್ಲ. ಬಿಳಿ ನೈಲಾನ್ ಟೈ ಒಂದೇ ಬೇಸಿಗೆಗೆ ಮುರಿಯಿತು. ಅಳಿಲು, ಇಲಿ ಕಾಟ ಇದ್ದರೆ ಜಿಐ ಪೈಪೇ ಗತಿ. ಡಬ್ಬಿಗೆ ತಂತಿ ಕೆಳಗಿನಿಂದ, ನೀರು ನುಗ್ಗದಂತೆ ತಂತಿ ಹಿಡಿಯುವ ಗ್ಲ್ಯಾಂಡ್ ಮೂಲಕ ಬರಲಿ. ಮೇಲಿನಿಂದ ಬಂದದ್ದರಲ್ಲಿ ನೀರು ನಿಂತಿತ್ತು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಡಿಸಿ ಎಸ್‌ಪಿಡಿ (ಸಿಡಿಲಿನ ಹೆಚ್ಚುವರಿ ವೋಲ್ಟೇಜನ್ನು ಅರ್ತ್‌ಗೆ ಹರಿಸುವ ಸಾಧನ) ಮತ್ತು ಫ್ರೇಮ್‌ಗೆ ಅರ್ತ್ ತಂತಿ ಮೊದಲೇ ಇರಲಿ. ಅಲ್ಯೂಮಿನಿಯಂಗೆ ತಾಮ್ರವನ್ನು ನೇರ ಬಿಗಿಯದೆ, ತವರ ಲೇಪಿಸಿದ ಲಗ್, ಸ್ಟೀಲ್ ಬೋಲ್ಟ್ ಬಳಸಿ.

ಆರು ತಿಂಗಳಿಗೊಮ್ಮೆ ಎಲ್ಲವನ್ನೂ ಆಫ್ ಮಾಡಿ ಟರ್ಮಿನಲ್ ಬಿಗಿ ನೋಡಿ, ಬ್ಯಾಟರಿ ನೀರನ್ನು ಮೂರು ತಿಂಗಳಿಗೊಮ್ಮೆ ನೋಡಿ. ಕೊಳ್ಳುವವರು ಪ್ಯಾನಲ್, ಬ್ಯಾಟರಿ, ಇನ್ವರ್ಟರ್ ಮಾತ್ರ ಕಿಟ್‌ನಿಂದ ತೆಗೆದುಕೊಂಡು ಉಳಿದದ್ದನ್ನು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ ತನ್ನಿ. ಸಬ್ಸಿಡಿಯ ಆಸೆ ಇದ್ದರೆ ಈ ಕಿಟ್ ಬೇಡ: 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯ ಹಣ ಗ್ರಿಡ್‌ಗೆ ಸೇರಿಸಿದ, ನೋಂದಾಯಿತ ವೆಂಡರ್ ಹಾಕಿದ ವ್ಯವಸ್ಥೆಗೆ ಮಾತ್ರ.