ಶೋಧಗಂಗಾ: ಪಿಎಚ್‌ಡಿ ಮಾಡದವರೂ ತೆರೆದು ನೋಡಬೇಕಾದ ಭಂಡಾರ

ದುಡ್ಡು ಕೊಡದೆ ಸಿಗುವ ಸೇವೆಗಳಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಯಾವುದು ಅಂತ ಯಾರಾದರೂ ಕೇಳಿದರೆ ಶೋಧಗಂಗಾ ಅಂತಲೇ ಹೇಳುತ್ತೇನೆ. ನಮ್ಮ ದೇಶದ ವಿಶ್ವವಿದ್ಯಾಲಯಗಳಲ್ಲಿ ಬರೆದ ಪಿಎಚ್‌ಡಿ ಪ್ರಬಂಧಗಳನ್ನು ಒಂದೇ ಕಡೆ ಸೇರಿಸಿಟ್ಟಿರುವ ಜಾಲತಾಣ ಇದು. ಯುಜಿಸಿಗೆ (ವಿಶ್ವವಿದ್ಯಾಲಯ ಅನುದಾನ ಆಯೋಗಕ್ಕೆ) ಸೇರಿದ, ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಡೆಸುತ್ತದೆ. 5 ಲಕ್ಷಕ್ಕೂ ಜಾಸ್ತಿ ಪ್ರಬಂಧಗಳಿವೆ. ಆದರೂ ನನ್ನ ಸುತ್ತಮುತ್ತ ಇದರ ಹೆಸರು ಗೊತ್ತಿರುವುದು ಪಿಎಚ್‌ಡಿ ಮಾಡುತ್ತಿರುವ ನಾಲ್ಕೈದು ಜನಕ್ಕೆ ಮಾತ್ರ. ಅದು ನನಗೆ ತುಂಬಾ ಬೇಸರದ ವಿಷಯ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಆದರೆ ನನ್ನನ್ನು ಇಲ್ಲಿಗೆ ಕರೆತಂದಿದ್ದು ಭೌತಶಾಸ್ತ್ರ ಅಲ್ಲ, ವಿಮಾನದ ರೆಕ್ಕೆ.

ಅಕ್ಕನ ಮಗ ಏರೋನಾಟಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾನೆ. ಪ್ರಾಜೆಕ್ಟಿಗೆ ನಾಕಾ 0012 ಅನ್ನುವ ರೆಕ್ಕೆಯ ಅಡ್ಡಸೀಳಿನ ಆಕಾರ ತೆಗೆದುಕೊಂಡಿದ್ದ. ನಾಕಾ ಅಂದರೆ 1958ರಲ್ಲಿ ನಾಸಾದೊಳಗೆ ಸೇರಿಹೋದ ಅಮೆರಿಕದ ಹಳೆಯ ಸಂಸ್ಥೆ. ಮೊದಲ ಎರಡು ಸೊನ್ನೆ ಅಂದರೆ ರೆಕ್ಕೆಗೆ ಬಾಗು ಇಲ್ಲ, ಮೇಲೂ ಕೆಳಗೂ ಒಂದೇ ಆಕಾರ. 12 ಅಂದರೆ ಅದರ ದಪ್ಪ, ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಗಲದ ಶೇ. 12ರಷ್ಟು. ಈ ರೆಕ್ಕೆಯನ್ನು ಗಾಳಿಗೆ ಎದುರಾಗಿ ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಹೋದರೆ ಒಂದು ಕೋನದಲ್ಲಿ ಅದನ್ನು ಮೇಲೆತ್ತುವ ಬಲ ದಿಢೀರನೆ ಬಿದ್ದುಹೋಗುತ್ತದೆ. ಅದಕ್ಕೆ ಸ್ಟಾಲ್ ಅನ್ನುತ್ತಾರೆ. ಪಠ್ಯಪುಸ್ತಕದ ಗ್ರಾಫಿನಲ್ಲಿ ಅದು ಸುಮಾರು 16 ಡಿಗ್ರಿ, ಇವನ ಕಾಲೇಜಿನ ವಿಂಡ್ ಟನಲ್‌ನಲ್ಲಿ (ಮಾದರಿಯ ಮೇಲೆ ಗಾಳಿ ಬಿಟ್ಟು ಅಳೆಯುವ ಸುರಂಗ) 11ಕ್ಕೇ ಬಿದ್ದುಹೋಯಿತು. "ಮಾಮ, ನಮ್ಮ ಟನಲ್ಲೇ ಸರಿ ಇಲ್ಲ ಅನ್ಸುತ್ತೆ" ಅಂತ ರಾತ್ರಿ ಹತ್ತಕ್ಕೆ ಫೋನ್ ಮಾಡಿದ.

ಇಬ್ಬರೂ ಅದೇ ರಾತ್ರಿ ಶೋಧಗಂಗಾದಲ್ಲಿ ಹುಡುಕಿದೆವು. ಅದೇ ರೆಕ್ಕೆಯ ಮೇಲೆ ಕೆಲಸ ಮಾಡಿದ ಒಂದು ಪ್ರಬಂಧ ಸಿಕ್ಕಿತು. ಅದರಲ್ಲಿ ವಿಷಯ ಬಿಡಿಸಿ ಬರೆದಿದ್ದರು: ಪುಸ್ತಕದ ಆ ಗ್ರಾಫು 60 ಲಕ್ಷದಷ್ಟು ರೆನಾಲ್ಡ್ಸ್ ಸಂಖ್ಯೆಯಲ್ಲಿ ಅಳೆದಿದ್ದು. ಗಾಳಿಯ ವೇಗ, ರೆಕ್ಕೆಯ ಅಗಲ, ಗಾಳಿಯ ಜಿಗುಟುತನ ಸೇರಿಸಿ ಲೆಕ್ಕ ಹಾಕುವ ಸಂಖ್ಯೆ ಅದು. 15 ಸೆಂಟಿಮೀಟರ್ ಅಗಲದ ಮಾದರಿ ಇಟ್ಟು ಸೆಕೆಂಡಿಗೆ 20 ಮೀಟರ್ ವೇಗದ ಗಾಳಿ ಬಿಟ್ಟರೆ ಬರುವುದು 2 ಲಕ್ಷ ಅಷ್ಟೇ. ಅಷ್ಟು ಕಡಿಮೆಯಾದಾಗ ರೆಕ್ಕೆಗೆ ಅಂಟಿಕೊಂಡು ಹರಿಯುವ ತೆಳು ಗಾಳಿಯ ಪದರ ಬೇಗನೆ ಬಿಟ್ಟುಹೋಗುತ್ತದೆ, ಸ್ಟಾಲ್ ಕೂಡ ಬೇಗ ಬರುತ್ತದೆ. ಹುಡುಗನ ಅಳತೆ ಸರಿಯಾಗಿಯೇ ಇತ್ತು!

ಜರ್ನಲ್‌ನಲ್ಲಿ ಬರುವ ಲೇಖನಕ್ಕೂ ಪ್ರಬಂಧಕ್ಕೂ ಇರುವ ವ್ಯತ್ಯಾಸ ನನಗೆ ಅರ್ಥವಾಗಿದ್ದು ಅವತ್ತು. ಲೇಖನದಲ್ಲಿ ಪ್ರಯೋಗ ಹೇಗೆ ಜೋಡಿಸಿದರು ಅನ್ನುವುದಕ್ಕೆ ಅರ್ಧ ಪುಟ ಕೊಟ್ಟರೆ ಹೆಚ್ಚು. ಪ್ರಬಂಧದಲ್ಲಿ ಅದಕ್ಕೇ ಒಂದು ಇಡೀ ಅಧ್ಯಾಯ ಇರುತ್ತದೆ, ಮಾಪಕವನ್ನು ಹೇಗೆ ಹೊಂದಿಸಿದರು, ಎಷ್ಟು ತಪ್ಪು ಬರಬಹುದು, ಮೊದಲ ಸಲ ಏನು ಕೆಟ್ಟಿತು, ಎಲ್ಲವೂ. ಕಲಿಯುವವರಿಗೆ ಬೇಕಾಗಿರುವುದು ಅದೇ ಅಲ್ವಾ? ಎರಡನೇ ಅಧ್ಯಾಯದಲ್ಲಿ ಸಾಮಾನ್ಯವಾಗಿ ಹಿಂದಿನವರು ಏನೇನು ಮಾಡಿದ್ದಾರೆ ಅನ್ನುವ ಪಟ್ಟಿ ಇರುತ್ತದೆ. ಒಂದು ವಿಷಯಕ್ಕೆ ಹೊಸದಾಗಿ ಕಾಲಿಡುವವರಿಗೆ ಅದಕ್ಕಿಂತ ಒಳ್ಳೆಯ ಬಾಗಿಲು ನಾನು ನೋಡಿಲ್ಲ.

2009ರ ಯುಜಿಸಿ ನಿಯಮದಲ್ಲಿ ಪ್ರಬಂಧದ ಡಿಜಿಟಲ್ ಪ್ರತಿ ಕೊಡಬೇಕು ಅಂತ ಬಂತು. ಅದಕ್ಕೆ ಮುಂಚೆ ಕೆಲವೇ ಪ್ರತಿ ಬೈಂಡ್ ಆಗಿ ವಿಭಾಗದ ಬೀರುವಿನೊಳಗೆ ಕೂರುತ್ತಿದ್ದವು. ಒಬ್ಬರು ಐದಾರು ವರ್ಷ ಕೂತು ಬರೆದಿದ್ದನ್ನು ಓದಬೇಕು ಅಂದರೆ ಆ ಊರಿಗೇ ಬಸ್ಸು ಹತ್ತಬೇಕಿತ್ತು. ಈಗ ಹಳೆಯ ಪ್ರಬಂಧಗಳನ್ನೂ ಸ್ಕ್ಯಾನ್ ಮಾಡಿ ಹಾಕಿದ್ದಾರೆ.

ಭೌತಶಾಸ್ತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ನಮ್ಮ ನೆಲದ ಬಗ್ಗೆಯೇ ಇರುವ ಕೆಲಸ. ಉಳ್ಳಾಲದ ಕಡಲ ದಂಡೆಯ ಕೆಲವು ಕಡೆ ಮರಳಿನಲ್ಲಿ ಮೊನಜೈಟ್ ಅನ್ನುವ ಖನಿಜ ಇದೆ, ಅದರೊಳಗೆ ವಿಕಿರಣ ಸೂಸುವ ಥೋರಿಯಂ ಇದೆ, ಹಾಗಾಗಿ ಅಲ್ಲಿ ನೈಸರ್ಗಿಕ ವಿಕಿರಣ ಬೇರೆ ಕಡೆಗಿಂತ ಜಾಸ್ತಿ. ಕರಾವಳಿಯ ಮಣ್ಣು, ಮರಳು, ಕಟ್ಟಡದ ಕಲ್ಲಿನ ವಿಕಿರಣ ಅಳೆಯುವುದು ನಮ್ಮ ಕಡೆ ವರ್ಷಗಳಿಂದ ನಡೆದುಬಂದಿರುವ ಕೆಲಸ. ವಿಕಿರಣ ಅಂದರೆ ಬಾಂಬು, ಅಣು ಸ್ಥಾವರ ಅಂತ ಮಾತ್ರ ಅಂದುಕೊಂಡಿರುವ ಮಕ್ಕಳಿಗೆ ಕಾಲ ಕೆಳಗಿನ ಮರಳಿನ ಕತೆ ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ.

ಕನ್ನಡ ಸಾಹಿತ್ಯದ್ದು ಹುಡುಕುವವರು ಎರಡು ವಿಷಯ ನೆನಪಿಡಿ. ಪ್ರಬಂಧದ ಹೆಸರನ್ನು ಕೆಲವರು ಕನ್ನಡ ಲಿಪಿಯಲ್ಲಿ ಹಾಕಿರುತ್ತಾರೆ, ಕೆಲವರು ಇಂಗ್ಲಿಷ್ ಅಕ್ಷರದಲ್ಲಿ. ಎರಡೂ ರೀತಿ ಟೈಪ್ ಮಾಡಿ ನೋಡಿ. ಇನ್ನೊಂದು, ಜಾನಪದದ ಪ್ರಬಂಧವಾದರೆ ಮೊದಲು ಅನುಬಂಧ ತೆರೆಯಿರಿ. ಹಾಡಿನ ಸಾಲುಗಳು, ಹಾಡಿದವರ ಊರು, ವಯಸ್ಸು, ಅವರ ಜೊತೆ ಆಡಿದ ಮಾತು, ಇವೆಲ್ಲ ಅಲ್ಲಿರುತ್ತವೆ. ಮುಂದೆ ಅಚ್ಚಾಗುವ ಪುಸ್ತಕದಲ್ಲಿ ಈ ಭಾಗವನ್ನೇ ಎಷ್ಟೋ ಸಲ ಬಿಟ್ಟುಬಿಡುತ್ತಾರೆ.

ಇನ್ನು ಬೌದ್ಧ ಚಿಂತನೆ. ವಚನಕಾರ ಅಲ್ಲಮ ಹೇಳುವ ಬಯಲೂ ಬೌದ್ಧ ತತ್ವಜ್ಞಾನಿ ನಾಗಾರ್ಜುನ ಹೇಳುವ ಶೂನ್ಯತೆಯೂ ಒಂದೇನಾ ಅನ್ನುವ ಪ್ರಶ್ನೆ ನನ್ನ ತಲೆಯಲ್ಲಿ ಕಾಲೇಜು ದಿನಗಳಿಂದ ಇತ್ತು. ಇಬ್ಬರ ನಡುವೆ ಹತ್ತಿರ ಹತ್ತಿರ ಸಾವಿರ ವರ್ಷದ ಅಂತರ ಇದೆ. ಪೂರ್ತಿ ಉತ್ತರ ಸಿಕ್ಕಿಲ್ಲ, ಆದರೆ ಒಂದು ತಪ್ಪು ತಿಳಿವಳಿಕೆ ಹೋಯಿತು. ಶೂನ್ಯ ಅಂದರೆ ಏನೂ ಇಲ್ಲ ಅಂತ ನಾಗಾರ್ಜುನ ಹೇಳುತ್ತಿಲ್ಲ. ಅವನ ಮೂಲಮಧ್ಯಮಕ ಕಾರಿಕೆ ಅನ್ನುವ ಪದ್ಯಗ್ರಂಥದ 24ನೇ ಅಧ್ಯಾಯದಲ್ಲಿ, ಯಾವುದು ಬೇರೆಯದನ್ನು ಆಸರೆಯಾಗಿ ಹಿಡಿದು ಹುಟ್ಟುತ್ತದೋ ಅದನ್ನೇ ಶೂನ್ಯತೆ ಅನ್ನುತ್ತೇವೆ ಅನ್ನುವ ಅರ್ಥದ ಮಾತಿದೆ. ತಾನೇ ತಾನಾಗಿ ನಿಂತಿರುವ ವಸ್ತು ಒಂದೂ ಇಲ್ಲ, ಅಷ್ಟೇ. ಇದು ತಲೆಗೆ ಹತ್ತಿದ ಮೇಲೆ ವಚನಗಳನ್ನು ಮತ್ತೆ ಓದಿದೆ, ಬೇರೆಯೇ ಕಂಡವು.

ಇಲ್ಲಿ ಹುಡುಕಾಟ ಸ್ವಲ್ಪ ಕಷ್ಟ. ಬೌದ್ಧ ಅಧ್ಯಯನದ ಪ್ರಬಂಧಗಳು ಒಂದೇ ವಿಭಾಗದಲ್ಲಿ ಇರುವುದಿಲ್ಲ. ಪಾಲಿ, ಸಂಸ್ಕೃತ, ತತ್ವಶಾಸ್ತ್ರ, ಇತಿಹಾಸ, ಪುರಾತತ್ವ, ಕನ್ನಡ, ಎಲ್ಲ ಕಡೆ ಹರಡಿಕೊಂಡಿವೆ. ಶೂನ್ಯತೆ ಅನ್ನುವ ಒಂದೇ ಪದವನ್ನು ಇಂಗ್ಲಿಷಿನಲ್ಲಿ ಮೂರು ನಾಲ್ಕು ಥರ ಬರೆಯುತ್ತಾರೆ, ಪಾಲಿಯಲ್ಲಿ ಅದು ಸುಞ್ಞತಾ. ಎಲ್ಲ ಕಾಗುಣಿತವನ್ನೂ ಒಂದೊಂದು ಸಲ ಕೊಟ್ಟು ನೋಡಬೇಕು.

ಈಗ ತೊಂದರೆಗಳು. ಪ್ರಬಂಧಗಳನ್ನು ಏರಿಸುವ ಕೆಲಸ ಆಯಾ ವಿಶ್ವವಿದ್ಯಾಲಯದ್ದು, ಎಲ್ಲರೂ ಒಂದೇ ರೀತಿ ಶ್ರದ್ಧೆಯಿಂದ ಮಾಡಿಲ್ಲ. ಒಂದು ವಿಶ್ವವಿದ್ಯಾಲಯದ ಪ್ರಬಂಧದಲ್ಲಿ ನನಗೆ ಬೇಕಾದ ಅಧ್ಯಾಯದ ಪುಟಗಳೆಲ್ಲ ಓರೆಯಾಗಿ ಸ್ಕ್ಯಾನ್ ಆಗಿದ್ದವು, ನಡುವಿನ ಎರಡು ಪುಟ ಇರಲೇ ಇಲ್ಲ. ತುಂಬಾ ನೋವಾಯಿತು, ಯಾಕೆಂದರೆ ಬರೆದವರ ಶ್ರಮ ಅಲ್ಲಿ ಹಾಳಾಯಿತು. ಎಷ್ಟೋ ಕನ್ನಡ ಪ್ರಬಂಧಗಳು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿವೆ. ಕಣ್ಣಿಗೆ ಕನ್ನಡ ಕಾಣುತ್ತದೆ, ಒಂದು ಸಾಲು ಕಾಪಿ ಮಾಡಿದರೆ ಅರ್ಥವಿಲ್ಲದ ಅಕ್ಷರ ಬರುತ್ತದೆ, ಒಳಗೆ ಪದ ಹುಡುಕಿದರೆ ಸಿಗುವುದಿಲ್ಲ. ಒಂದು ಪ್ರಬಂಧ ಹತ್ತು ಹದಿನೈದು ಪಿಡಿಎಫ್ ತುಂಡುಗಳಾಗಿ ಇರುವುದರಿಂದ ಒಂದೊಂದನ್ನೇ ಇಳಿಸಿಕೊಳ್ಳಬೇಕು.

ಗುಣಮಟ್ಟವೂ ಹಾಗೇ, ಒಂದು ಬಂಗಾರ, ಇನ್ನೊಂದು ಬರೀ ಜೊಳ್ಳು. ಇಲ್ಲಿದೆ ಅಂದ ಮಾತ್ರಕ್ಕೆ ನಂಬಬೇಡಿ. ನಾನು ಮೊದಲು ಕೊನೆಯ ಅಧ್ಯಾಯ ಓದುತ್ತೇನೆ. ಏನು ಕಂಡುಕೊಂಡೆವು ಅನ್ನುವುದನ್ನು ಎರಡು ಪುಟದಲ್ಲಿ ನೇರವಾಗಿ ಹೇಳಲು ಆಗದಿದ್ದರೆ ಅಲ್ಲಿಗೇ ಬಿಡುತ್ತೇನೆ.

ಏರೋಸ್ಪೇಸ್ ವಿದ್ಯಾರ್ಥಿಗಳು ಬೆಂಗಳೂರಿನ ಐಐಎಸ್‌ಸಿಯ (ಭಾರತೀಯ ವಿಜ್ಞಾನ ಸಂಸ್ಥೆಯ) ಸ್ವಂತ ಪ್ರಬಂಧ ಭಂಡಾರವನ್ನೂ ನೋಡಿ. 1942ರಲ್ಲಿ ಶುರುವಾದ ಏರೋಸ್ಪೇಸ್ ವಿಭಾಗ ಅವರದು. ಶೋಧಗಂಗಾಕ್ಕೆ ನನ್ನ ಅಂಕ ಐದಕ್ಕೆ ನಾಲ್ಕೂವರೆ, ಕಳೆದ ಅರ್ಧ ಆ ಫಾಂಟು ಮತ್ತು ಸ್ಕ್ಯಾನ್‌ಗೆ.

ಸದ್ಯ ಓದುತ್ತಿರುವುದು ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರದ ಕನಗನಹಳ್ಳಿ ಸ್ತೂಪದ ಬಗ್ಗೆ. ಅಲ್ಲಿ ಸಿಕ್ಕ ಒಂದು ಕಲ್ಲಿನ ಮೇಲೆ ಅಶೋಕ ತನ್ನ ರಾಣಿಯ ಜೊತೆ ನಿಂತಿದ್ದಾನೆ, "ರಾಯೊ ಅಸೋಕೊ" (ರಾಜ ಅಶೋಕ) ಅಂತ ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿದ್ದಾರೆ. ದಸರಾ ರಜೆಯಲ್ಲಿ ಅಕ್ಕನ ಮಗನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ, ದಾರಿಯಲ್ಲಿ ಓದಲು ಮೂರು ಅಧ್ಯಾಯ ಫೋನಿಗೆ ಇಳಿಸಿಕೊಂಡಾಗಿದೆ.